ಕೂಲಿ ಚೌಕಾಸಿಯ ಜಾಲ ಬಿಡಿಸುವುದು ಹೇಗೆ: ಎಡವುವ ಜಾಗಗಳ ಸಮೇತ

ಅರ್ಥಶಾಸ್ತ್ರ ಎಂ.ಎ. ಮಾಡುವವರ ಪ್ರಾಜೆಕ್ಟುಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ವಿಷಯ ‘ನಮ್ಮೂರಲ್ಲಿ ಕೂಲಿ ಹೇಗೆ ನಿಗದಿಯಾಗುತ್ತದೆ’ ಅಂತ. ಯಾರು ಯಾರ ತೋಟಕ್ಕೆ ಹೋಗುತ್ತಾರೆ ಎಂಬ ಚಿತ್ರ ಅಂದವಾಗಿ ಬರೆದಿರುತ್ತಾರೆ. ಯಾರಿಗೆ ಎಷ್ಟು ಸಿಗಬೇಕಿತ್ತು ಎಂಬ ಲೆಕ್ಕ ಬಂದ ಕೂಡಲೇ ಪೆನ್ನು ನಿಲ್ಲುತ್ತದೆ. ಆಮೇಲೆ ‘ಇದಕ್ಕೆ ಸ್ಥಳೀಯ ಸಂಸ್ಕೃತಿಯೇ ಕಾರಣ’ ಎಂದು ಬರೆದು ಮುಗಿಸಿಬಿಡುತ್ತಾರೆ.

ತಪ್ಪಿರುವುದು ಕೆಲಸದ ಸರದಿಯಲ್ಲಿ. ಮೊದಲು ಲೆಕ್ಕ, ಆಮೇಲೆ ಸಂಸ್ಕೃತಿ. ಜಾಲದ, ಅಂದರೆ ಯಾರಿಗೆ ಯಾರ ಗುರುತಿದೆ ಎಂಬ ಚಿತ್ರದ, ಲೆಕ್ಕ ಒಂದು ಕೂಲಿ ಹೇಳುತ್ತದೆ, ಕೈಗೆ ಬರುವ ಕೂಲಿ ಬೇರೆ ಇರುತ್ತದೆ. ನಡುವಿನ ಅಂತರ ಎಷ್ಟು ಅಂತ ಗೊತ್ತಾದ ಮೇಲಷ್ಟೇ ‘ಯಾಕೆ’ ಎಂದು ಕೇಳಲು ಅರ್ಥವಿದೆ.

ಉದಾಹರಣೆಗೆ ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಅಡಿಕೆ ಕೊಯ್ಲನ್ನು ತೆಗೆದುಕೊಂಡಿದ್ದೇನೆ. ಮರ ಹತ್ತುವ ಕೊನೆಗೌಡರು ಕಡಿಮೆ, ತೋಟಗಳು ಜಾಸ್ತಿ. ಚೌಕಾಸಿ ಕಣ್ಣಿಗೆ ಕಾಣುವ ಹಾಗೆ ನಡೆಯುತ್ತದೆ. ಕೆಳಗಿನ ಹೆಸರುಗಳೂ ರೂಪಾಯಿ ಮೊತ್ತಗಳೂ ಲೆಕ್ಕ ಕಲಿಯಲು ಕಟ್ಟಿಕೊಂಡವು, ಯಾವ ಊರಿನ ದರವೂ ಅಲ್ಲ.

## ಏನೇನು ಬೇಕು

ಎ3 ಅಳತೆಯ ಹಾಳೆ, ಪೆನ್ಸಿಲ್, ರಬ್ಬರ್. ಎಕ್ಸೆಲ್ ಅಥವಾ ಅಂಥದ್ದೇ ಒಂದು ಸ್ಪ್ರೆಡ್‌ಶೀಟ್. ಎರಡು ನೋಟ್‌ಬುಕ್: ಒಂದರಲ್ಲಿ ಯಾರಿಗೆ ಯಾರ ಗುರುತು ಎಂಬುದು ಮಾತ್ರ, ಇನ್ನೊಂದರಲ್ಲಿ ನಿಜವಾದ ಕೂಲಿ ಮಾತ್ರ. ಎರಡನೆಯದನ್ನು ಎಂಟನೇ ಹಂತದವರೆಗೆ ತೆರೆಯಬೇಡಿ. ತೆರೆದರೆ ಲೆಕ್ಕವನ್ನು ಉತ್ತರಕ್ಕೆ ತಕ್ಕಂತೆ ಬಗ್ಗಿಸುತ್ತೀರಿ, ಗ್ಯಾರಂಟಿ.

ಜಾಲ ಬಿಡಿಸುವ ಸಾಫ್ಟ್‌ವೇರ್ ಸದ್ಯಕ್ಕೆ ಬೇಡ. ಮೂವತ್ತು ಜನರ ಜಾಲವನ್ನು ಕೈಯಲ್ಲಿ ಬಿಡಿಸಿದವರಿಗೆ ಎಲ್ಲಿ ಯಾರು ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಕಣ್ಣಿಗೇ ಕಾಣುತ್ತದೆ.

## ಹಂತ 1: ಒಂದೇ ಕೆಲಸ, ಒಂದೇ ಸೀಸನ್

ಕೊನೆ (ಅಡಿಕೆ ಗೊನೆ) ಕೊಯ್ಲು ಒಂದು ಮಾರುಕಟ್ಟೆ. ಅಡಿಕೆ ಸುಲಿಯುವುದು ಇನ್ನೊಂದು. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮತ್ತೊಂದು. ಮರ ಹತ್ತುವವರು ಅವರೇ ಆದರೂ ಅವಸರ ಬೇರೆ, ದರ ಬೇರೆ. ಇವನ್ನೆಲ್ಲ ಒಟ್ಟಿಗೆ ಕಲಸಿದರೆ ಮುಂದಿನ ಯಾವ ಸಂಖ್ಯೆಗೂ ಅರ್ಥ ಉಳಿಯುವುದಿಲ್ಲ.

ಹೆಣ್ಣಾಳು, ಗಂಡಾಳುಗಳ ದರವನ್ನು ಒಂದೇ ಪಟ್ಟಿಗೆ ಹಾಕಿ ‘ಸರಾಸರಿ ಕೂಲಿ’ ತೆಗೆಯುವುದೂ ಇದೇ ಜಾತಿಯ ತಪ್ಪು.

## ಹಂತ 2: ಚುಕ್ಕೆ ಮತ್ತು ಗೆರೆ

ಪ್ರತಿ ಯಜಮಾನನಿಗೆ ಒಂದು ಚುಕ್ಕೆ ಎಡಕ್ಕೆ, ಪ್ರತಿ ಕೆಲಸಗಾರನಿಗೆ ಒಂದು ಚುಕ್ಕೆ ಬಲಕ್ಕೆ. ಇಬ್ಬರ ನಡುವೆ ಕೆಲಸ ಕುದುರುವ ಸಾಧ್ಯತೆ ಇದ್ದರೆ ಗೆರೆ ಎಳೆಯಿರಿ. ಸಾಧ್ಯತೆ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಜಾಸ್ತಿ ಜನ ಎಡವುವುದು ಇಲ್ಲೇ.

‘ಈ ವರ್ಷ ಯಾರ ತೋಟಕ್ಕೆ ಹೋಗಿದ್ದೀರಿ?’ ಎಂದು ಕೇಳಿ, ಅಷ್ಟಕ್ಕೇ ಗೆರೆ ಎಳೆಯುತ್ತಾರೆ. ಆಗ ಸಿಗುವುದು ಚೌಕಾಸಿ ಮುಗಿದ ಮೇಲಿನ ಚಿತ್ರ. ಚೌಕಾಸಿಯಲ್ಲಿ ಬಲ ಕೊಡುವುದು ಬಳಸದೆ ಉಳಿದ ಗೆರೆಗಳು. ‘ನೀವು ಇಷ್ಟು ಕೊಡದಿದ್ದರೆ ಆಚೆ ಮನೆಗೆ ಹೋಗ್ತೇನೆ’ ಎನ್ನುವಾಗ ಆ ಆಚೆ ಮನೆಯ ಗೆರೆ ನಿಮ್ಮ ಚಿತ್ರದಲ್ಲಿ ಇರಲೇಬೇಕು, ಅಲ್ವಾ?

ಹಾಗಾಗಿ ಮೂರು ಪ್ರಶ್ನೆ ಕೇಳಿ. ಕಳೆದ ಎರಡು ವರ್ಷದಲ್ಲಿ ಯಾರ ಕೊಯ್ಲಿಗೆ ಹೋಗಿದ್ದೀರಿ? ಯಾರು ಕರೆದರು, ಆದರೆ ನೀವು ಹೋಗಲಿಲ್ಲ? ನಾಳೆ ಯಾರು ಕರೆದರೆ ಹೋಗುತ್ತೀರಿ? ಯಜಮಾನರಿಗೂ ಇವೇ ಮೂರನ್ನು ತಿರುಗಿಸಿ, ಬೇರೆಯಾಗಿ ಕೇಳಿ. ಇಬ್ಬರೂ ಹೇಳಿದ ಗೆರೆಯನ್ನು ಗಟ್ಟಿಯಾಗಿ ಎಳೆಯಿರಿ, ಒಬ್ಬರೇ ಹೇಳಿದ್ದನ್ನು ಚುಕ್ಕಿ ಗೆರೆಯಾಗಿ.

ದೂರದ ಪರಿಚಯಗಳು ಸುಲಭವಾಗಿ ಬಿಟ್ಟುಹೋಗುತ್ತವೆ. ನನ್ನ ಮೊದಲ ಚಿತ್ರದಲ್ಲಿ ಒಬ್ಬ ಕೊನೆಗೌಡನ ಹೆಂಡತಿಯ ತವರೂರು ಪೂರ್ತಿ ಬಿಟ್ಟುಹೋಗಿತ್ತು. ಅವನು ಯಾಕೆ ಅಷ್ಟು ಧೈರ್ಯವಾಗಿ ದರ ಏರಿಸುತ್ತಾನೆ ಅಂತ ತಿಂಗಳುಗಟ್ಟಲೆ ತಲೆ ಕೆರೆದುಕೊಂಡೆ. ಆ ಊರಲ್ಲಿ ಅವನಿಗೆ ನಾಲ್ಕು ತೋಟ ಕಾದಿತ್ತು! ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅಮೆರಿಕದ ನ್ಯೂಟನ್ ಪಟ್ಟಣದಲ್ಲಿ ಕಂಡದ್ದೂ ಇಂಥದ್ದೇ. ಪರಿಚಯದವರ ಮೂಲಕ ಕೆಲಸ ಹಿಡಿದವರಲ್ಲಿ, ಆ ಪರಿಚಯದವರನ್ನು ಮೇಲಿಂದ ಮೇಲೆ ಭೇಟಿಯಾಗುತ್ತಿದ್ದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರದೆಲ್ಲ ಅಪರೂಪಕ್ಕೋ ಆಗೀಗಲೋ ಸಿಗುವ ಗುರುತು. ‘ನಿಮ್ಮ ಆಪ್ತರು ಯಾರು’ ಎಂದು ಕೇಳಿದರೆ ಈ ಗೆರೆಗಳು ಬರುವುದೇ ಇಲ್ಲ.

ಮೇಸ್ತ್ರಿ ಇದ್ದರೆ ಅವನಿಗೂ ಒಂದು ಚುಕ್ಕೆ ಕೊಡಿ. ಅವನು ಯಾರನ್ನು ಕರೆತರುತ್ತಾನೆ ಎಂಬುದು ಅವನಿಗೆ ದುಡ್ಡು ಹೇಗೆ ಸಿಗುತ್ತದೆ ಎಂಬುದರ ಮೇಲೆ ನಿಂತಿದೆ. ಕೋಲ್ಕತ್ತದಲ್ಲಿ ಲೋರಿ ಬೀಮನ್ ಮತ್ತು ಜೆರೆಮಿ ಮಗ್ರುಡರ್ ಮಾಡಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ತಾವು ಕರೆತಂದವರು ಚೆನ್ನಾಗಿ ಕೆಲಸ ಮಾಡಿದರೆ ಮಾತ್ರ ಹೆಚ್ಚು ಹಣ ಎಂದಾಗ ಜನ ನೆಂಟರನ್ನು ಕಡಿಮೆ ಮಾಡಿ, ಜೊತೆಯಲ್ಲಿ ದುಡಿದವರನ್ನು ಜಾಸ್ತಿ ತಂದರು. ಮೇಸ್ತ್ರಿಗೆ ತಲೆಗಿಷ್ಟು ಅಂತ ಕಮಿಷನ್ನೋ ಅಥವಾ ಕೆಲಸ ನೋಡಿಯೋ ಎಂದು ಕೇಳಿ ಬರೆದುಕೊಳ್ಳಿ.

ಎಚ್ಚರಿಕೆ ಗಂಟೆ: ನಿಮ್ಮ ಚಿತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸಗಾರರಿಗೆ ಒಂದೊಂದೇ ಗೆರೆ ಇದ್ದರೆ, ಊರು ಹಾಗಿರುವುದಕ್ಕಿಂತ ನೀವು ಪ್ರಶ್ನೆ ತಪ್ಪು ಕೇಳಿರುವ ಸಾಧ್ಯತೆಯೇ ಹೆಚ್ಚು. ವಾಪಸ್ ಹೋಗಿ.

## ಹಂತ 3: ಪ್ರತಿ ಗೆರೆಯ ಮೇಲೆ ಒಂದು ಮೊತ್ತ

ಗೆರೆಯ ಮೇಲೆ ಬರೆಯಬೇಕಾದದ್ದು ಕೂಲಿ ಅಲ್ಲ. ಇಬ್ಬರೂ ಕೂಡಿದ್ದರಿಂದ ಹುಟ್ಟುವ ಲಾಭ. ಅದನ್ನು ಹಂಚಿಕೊಳ್ಳುವುದೇ ಚೌಕಾಸಿ.

ಒಂದು ದಿನದ ಕೊಯ್ಲಿನಿಂದ ಯಜಮಾನನಿಗೆ, ಕೂಲಿ ಬಿಟ್ಟು ಉಳಿದ ಖರ್ಚೆಲ್ಲ ಕಳೆದ ಮೇಲೆ, 2000 ರೂಪಾಯಿ ಬರುತ್ತದೆ ಅಂದುಕೊಳ್ಳಿ. ಕೊನೆಗೌಡ ಆ ದಿನ ಕೊಯ್ಲಿಗೆ ಹೋಗದೆ ಬೇರೇನಾದರೂ ಮಾಡಿದರೆ 800 ರೂಪಾಯಿ ದುಡಿಯಬಲ್ಲ. ಹಾಗಾದರೆ ಹಂಚಿಕೆಗೆ ಇರುವುದು 1200. ಕೂಲಿ ಎಂದರೆ 800ರ ಮೇಲೆ ಈ 1200ರಲ್ಲಿ ಅವನ ಪಾಲು.

ಆ 800 ಎಲ್ಲಿಂದ ಬಂತು ಅನ್ನುವುದಕ್ಕೆ ಸ್ವಲ್ಪ ಹೊತ್ತು ಕೊಡಿ. ಸ್ವಂತ ಜಮೀನು, ಪೇಟೆಯ ಗಾರೆ ಕೆಲಸ, ಸರ್ಕಾರದ ಕಾಮಗಾರಿ, ಇವೆಲ್ಲ ಜಾಲದ ಹೊರಗಿನ ದಾರಿಗಳು. 2005ರ ಕಾನೂನಿನ ಉದ್ಯೋಗ ಖಾತ್ರಿ ಬಂದ ಮೇಲೆ ಖಾಸಗಿ ಕೂಲಿಯೂ ಏರಿತು ಎಂದು ಕ್ಲೆಮೆಂಟ್ ಇಂಬರ್ಟ್ ಮತ್ತು ಜಾನ್ ಪ್ಯಾಪ್ 2015ರಲ್ಲಿ ತೋರಿಸಿದರು. ಖಾತ್ರಿ ಕೆಲಸಕ್ಕೆ ಹೋಗದವರಿಗೂ ಅದರ ಲಾಭ ತಟ್ಟಿತ್ತು. ಹೋಗಬಹುದು ಎಂಬುದೇ ಒಂದು ಬಲ.

ಯಜಮಾನನ ಕಡೆಯನ್ನು ಮರೆಯಬೇಡಿ. ಅವನ ದೊಡ್ಡ ಕಷ್ಟ ಕಾಯಲಾಗದಿರುವುದು. ಕೊನೆ ಹಣ್ಣಾಗಿಬಿಟ್ಟರೆ ಕೆಂಪಡಿಕೆ (ಹಸಿ ಕಾಯಿ ಬೇಯಿಸಿ ಒಣಗಿಸಿದ್ದು) ಮಾಡುವ ಹಾಗಿಲ್ಲ, ಚಾಲಿಗೆ (ಹಣ್ಣಡಿಕೆ ಹಾಗೇ ಒಣಗಿಸಿದ್ದು) ಬಿಡಬೇಕು. ಚಾಲಿಯನ್ನೇ ಮಾಡುವವನಿಗೆ ಇಷ್ಟು ಗಡಿಬಿಡಿ ಇಲ್ಲ. ಕಾಯಬಲ್ಲವನಿಗೆ ದೊಡ್ಡ ಪಾಲು ಎಂದು ಏರಿಯಲ್ ರೂಬಿನ್‌ಸ್ಟೀನ್ 1982ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಹಾಗೇ ಕಾರ್ಬನ್ ಫೈಬರ್ ದೋಟಿ (ಕೊಯ್ಯುವ ಉದ್ದ ಕೋಲು) ಕೊಂಡವನಿಗೆ ಮರ ಹತ್ತದೆ ನೆಲದಲ್ಲೇ ನಿಂತು ಕೊಯ್ಯಿಸುವ ದಾರಿ ಇದೆ. ದೋಟಿ ಇರುವ ಮನೆಯ ಗೆರೆಯ ಮೇಲೆ 1200 ಬರೆಯುವ ಹಾಗಿಲ್ಲ. ದೋಟಿಯಿಂದ ಅವನಿಗೆ 500 ಉಳಿಯುವುದಾದರೆ ಹಂಚಿಕೆಗೆ ಉಳಿಯುವುದು 700 ಮಾತ್ರ.

ಮೊದಲ ಸಲ ಎಲ್ಲ ಗೆರೆಗೂ ಒಂದೇ ಮೊತ್ತ ಹಾಕಿ ಅಭ್ಯಾಸ ಮಾಡಿ. ನಾನೂ ಇಲ್ಲಿ 1200 ಅಂತಲೇ ಇಟ್ಟುಕೊಳ್ಳುತ್ತೇನೆ.

## ಹಂತ 4: ಒಂಟಿ ಜೋಡಿಯಿಂದ ಶುರು

ಒಬ್ಬ ಯಜಮಾನ, ಒಬ್ಬ ಕೊನೆಗೌಡ, ಬೇರೆ ಗೆರೆ ಇಲ್ಲ. ಜಾನ್ ನ್ಯಾಶ್ 1950ರಲ್ಲಿ ಕೊಟ್ಟ ಪರಿಹಾರವನ್ನು ದುಡ್ಡಿನ ಹಂಚಿಕೆಗೆ ಹಾಕಿದರೆ ಹೀಗಾಗುತ್ತದೆ: ಒಪ್ಪಂದ ಮುರಿದರೆ ತನಗೆ ಎಷ್ಟು ಸಿಗುತ್ತಿತ್ತೋ ಅಷ್ಟನ್ನು ಪ್ರತಿಯೊಬ್ಬರೂ ಮೊದಲು ಎತ್ತಿಟ್ಟುಕೊಳ್ಳಲಿ, ಉಳಿದದ್ದು ಅರ್ಧ ಅರ್ಧ. ಇಲ್ಲಿ 600, 600. ಕೂಲಿ 800 + 600 = 1400.

ಈ 1400 ಅನ್ನು ಒಂದು ಮೂಲೆಯಲ್ಲಿ ಬರೆದಿಡಿ. ಜಾಲದ ಒತ್ತಡವೇ ಇಲ್ಲದಿದ್ದರೆ ಇರುತ್ತಿದ್ದ ಕೂಲಿ ಅದು. ಆಮೇಲೆ ಬೇಕಾಗುತ್ತದೆ.

## ಹಂತ 5: ಯಾರು ಹೊರಗುಳಿಯಬಹುದು?

ಒಬ್ಬ ಕೊನೆಗೌಡ ಒಂದು ದಿನಕ್ಕೆ ಒಂದೇ ತೋಟ ಕೊಯ್ಯುತ್ತಾನೆ. ಹಾಗಾಗಿ ಚಿತ್ರದಲ್ಲಿ ಆದಷ್ಟು ಹೆಚ್ಚು ಜೋಡಿ ಕೂಡಿಸಿ. ಒಬ್ಬರು ಒಂದೇ ಜೋಡಿಯಲ್ಲಿರಬೇಕು. ಕೂಡಿಸಿದ ಮೇಲೆ ಅಷ್ಟೇ ಜೋಡಿಗಳನ್ನು ಬೇರೆ ರೀತಿಯಲ್ಲೂ ಕೂಡಿಸಲು ಬರುತ್ತದಾ ನೋಡಿ.

ಒಂದು ಅಡ್ಡದಾರಿ ಇದೆ. ಎಲ್ಲ ಗೆರೆಗೂ ಒಂದೇ ಮೊತ್ತ ಇದ್ದಾಗ, ಹೀಗೆ ಕೂಡಿಸುವ ಯಾವುದಾದರೂ ಒಂದು ರೀತಿಯಲ್ಲಿ ಹೊರಗುಳಿಯಬಹುದಾದ ವ್ಯಕ್ತಿಗೆ ಸಿಗುವ ಪಾಲು ಸೊನ್ನೆ. ಅವನ ಜೊತೆ ಗೆರೆ ಇರುವವನಿಗೆ ಪೂರ್ತಿ 1200. ಯಾಕೆಂದರೆ ಹೊರಗುಳಿದವನು ‘ನನಗೆ ಸ್ವಲ್ಪವೇ ಸಾಕು’ ಎನ್ನುತ್ತಾ ಬರುತ್ತಲೇ ಇರುತ್ತಾನೆ.

ಇಬ್ಬರು ಯಜಮಾನರು, ನಡುವೆ ಒಬ್ಬನೇ ಕೊನೆಗೌಡ. ಇಬ್ಬರಲ್ಲಿ ಯಾರಾದರೂ ಹೊರಗುಳಿಯಬಹುದು. ಆದ್ದರಿಂದ ಲೆಕ್ಕದ ಪ್ರಕಾರ ಪೂರ್ತಿ ಲಾಭ ಕೊನೆಗೌಡನಿಗೆ, ಕೂಲಿ 2000.

ಈಗ ಐದು ಜನರ ಸಾಲು ಬರೆಯಿರಿ: ಕೆಲಸಗಾರ, ಯಜಮಾನ, ಕೆಲಸಗಾರ, ಯಜಮಾನ, ಕೆಲಸಗಾರ. ನಡುವಿನ ಕೆಲಸಗಾರನಿಗೆ ಎರಡು ಮನೆ ಗೊತ್ತು, ತುದಿಯವರಿಗೆ ಒಂದೊಂದೇ. ನಡುವಿನವನೇ ಬಲಶಾಲಿ ಅಂತ ಹೇಳದ ವಿದ್ಯಾರ್ಥಿ ನನಗೆ ಇನ್ನೂ ಸಿಕ್ಕಿಲ್ಲ. ಉತ್ತರ ತಪ್ಪು. ಎರಡು ಜೋಡಿಯನ್ನು ಮೂರು ರೀತಿ ಕೂಡಿಸಬಹುದು. ಒಂದರಲ್ಲಿ ಈ ತುದಿಯವನು ಹೊರಗೆ, ಇನ್ನೊಂದರಲ್ಲಿ ಆ ತುದಿಯವನು, ಮತ್ತೊಂದರಲ್ಲಿ ನಡುವಿನವನು. ಮೂವರಿಗೂ ಸೊನ್ನೆ. ಅವನಿಗೆ ಎರಡು ಬಾಗಿಲಿವೆ ನಿಜ, ಆದರೆ ಎರಡರ ಮುಂದೆಯೂ ಇನ್ನೊಬ್ಬ ಕಾದು ನಿಂತಿದ್ದಾನೆ.

ಆದ್ದರಿಂದ ಗೆರೆ ಎಣಿಸಿ ಬಲ ಹೇಳಬೇಡಿ. ಗೆರೆಯ ಆ ತುದಿಯಲ್ಲಿರುವವನಿಗೆ ಬೇರೆ ದಾರಿ ಇದೆಯಾ ಅಂತ ನೋಡಿ.

## ಹಂತ 6: ನಿಲ್ಲುತ್ತದಾ, ಮುರಿಯುತ್ತದಾ

ಈಗ ಸ್ವಲ್ಪ ಸೂಕ್ಷ್ಮವಾದ ನಾಲ್ವರ ಸಾಲು. ಗಣಪತಿ ಯಜಮಾನ, ಅವನಿಗೆ ಮಂಜ ಮಾತ್ರ ಗೊತ್ತು. ಮಂಜನಿಗೆ ಗಣಪತಿಯೂ ಗೊತ್ತು, ಸುಬ್ರಾಯನೂ ಗೊತ್ತು. ಸುಬ್ರಾಯ ಯಜಮಾನ, ಅವನಿಗೆ ಮಂಜನ ಜೊತೆಗೆ ರಾಮನೂ ಗೊತ್ತು. ರಾಮನಿಗೆ ಸುಬ್ರಾಯ ಮಾತ್ರ.

ಗಣಪತಿ–ಮಂಜ, ಸುಬ್ರಾಯ–ರಾಮ ಜೋಡಿಯಾದರೆ ಯಾರೂ ಹೊರಗುಳಿಯುವುದಿಲ್ಲ. ಅಡ್ಡದಾರಿ ಇಲ್ಲಿ ನಡೆಯುವುದಿಲ್ಲ. ಆಗ ಹೀಗೆ ನೋಡಿ: ಬಳಸದ ಪ್ರತಿ ಗೆರೆಯ ಎರಡು ತುದಿಯವರ ಪಾಲು ಕೂಡಿಸಿ. ಮೊತ್ತ 1200ಕ್ಕಿಂತ ಕಡಿಮೆ ಬಂದರೆ ಒಪ್ಪಂದ ಮುರಿಯುತ್ತದೆ. ಮಂಜನಿಗೂ ಸುಬ್ರಾಯನಿಗೂ 500, 500 ಸಿಗುತ್ತಿದ್ದರೆ ಅವರಿಬ್ಬರೇ ಕೂಡಿ 600, 600 ಮಾಡಿಕೊಂಡು ಉಳಿದಿಬ್ಬರನ್ನು ಬಿಟ್ಟುಬಿಡುತ್ತಾರೆ.

ಆದರೆ ಈ ಪರೀಕ್ಷೆಯಲ್ಲಿ ಪಾಸಾಗುವ ಹಂಚಿಕೆಗಳು ಬಹಳ. ಮಂಜ 1200, ಸುಬ್ರಾಯ 0 ಅಂದರೂ ಪಾಸ್. ಇಲ್ಲಿಗೇ ನಿಲ್ಲಿಸಿ ಯಾವುದೋ ಒಂದನ್ನು ಆರಿಸಿಕೊಳ್ಳಬೇಡಿ. ಈ ಹಂತ ಬೇಲಿ ಹಾಕುತ್ತದೆ, ಅಷ್ಟೇ.

ಯಜಮಾನ–ಕೆಲಸಗಾರ ಎಂದು ಎರಡು ಗುಂಪಾಗಿ ಒಡೆದ ಜಾಲದಲ್ಲಿ ಮುರಿಯದ ಹಂಚಿಕೆ ಯಾವಾಗಲೂ ಒಂದಾದರೂ ಇರುತ್ತದೆ. ಲಾಯ್ಡ್ ಶಾಪ್ಲಿ ಮತ್ತು ಮಾರ್ಟಿನ್ ಶೂಬಿಕ್ 1971ರಲ್ಲಿ ಇದನ್ನು ಸಾಧಿಸಿದರು. ಆದರೆ ಮುಯ್ಯಾಳು (ಕೂಲಿ ಇಲ್ಲದೆ ಒಬ್ಬರಿಗೊಬ್ಬರು ಸರದಿಯಲ್ಲಿ ದುಡಿಯುವುದು) ನಡೆಯುವ ಕಡೆ ಈ ಭರವಸೆ ಇಲ್ಲ. ಮೂರು ಮನೆಯವರು, ಯಾರು ಬೇಕಾದರೂ ಯಾರ ಜೊತೆಗಾದರೂ ಮುಯ್ಯಿ ಮಾಡಬಹುದು, ಆದರೆ ಒಂದು ದಿನಕ್ಕೆ ಇಬ್ಬರೇ ಕೂಡಬಹುದು. ಇಬ್ಬರು ಕೂಡಿದ ಕೂಡಲೇ ಮೂರನೆಯವನು ಒಬ್ಬನಿಗೆ ಇನ್ನೂ ಚೆನ್ನಾದ ಮಾತು ಕೊಡುತ್ತಾನೆ. ಇದಕ್ಕೆ ಕೊನೆಯೇ ಇಲ್ಲ. ನಿಮ್ಮ ಚಿತ್ರದಲ್ಲಿ ಇಂಥ ತ್ರಿಕೋನ ಸಿಕ್ಕರೆ ಅದನ್ನು ಬೇರೆಯಾಗಿ ಗುರುತು ಮಾಡಿ. ಲೆಕ್ಕದ ಪ್ರಕಾರ ನಿಲ್ಲಬಾರದ್ದು ಊರಲ್ಲಿ ವರ್ಷಾನುಗಟ್ಟಲೆ ನಿಂತಿದ್ದರೆ ಅಲ್ಲಿ ಸರದಿಯ ಕಟ್ಟಳೆ ಏನೋ ಇದೆ.

## ಹಂತ 7: ಸಮತೂಕಕ್ಕೆ ತರುವುದು

ಈಗ ನ್ಯಾಶ್‌ನ ಸೂತ್ರವನ್ನು ಎಲ್ಲ ಜೋಡಿಗೂ ಒಟ್ಟಿಗೇ ಹಾಕಬೇಕು. ಕಷ್ಟ ಏನೆಂದರೆ ಮಂಜನ ಬದಲಿ ದಾರಿಯ ಬೆಲೆ ಸುಬ್ರಾಯನ ಪಾಲಿನ ಮೇಲೆ ನಿಂತಿದೆ. ಸುಬ್ರಾಯನದ್ದು ಮಂಜನ ಮೇಲೆ. ತಲೆ ತಿರುಗುತ್ತದೆ. ಪರಿಹಾರ ಸುಲಭ: ಒಂದು ಅಂದಾಜಿನಿಂದ ಶುರು ಮಾಡಿ ಸುತ್ತು ಸುತ್ತು ತಿದ್ದಿ.

ಎಲ್ಲರಿಗೂ 600 ಅಂತ ಶುರು ಮಾಡಿ. ಮಂಜನ ಬದಲಿ ದಾರಿ ಎಷ್ಟು? ಅವನು ಸುಬ್ರಾಯನನ್ನು ಎಳೆದುಕೊಳ್ಳಬೇಕಾದರೆ ಅವನಿಗೆ ಈಗ ಸಿಗುತ್ತಿರುವ 600 ಕೊಡಲೇಬೇಕು. ಉಳಿಯುವುದು 600. ಗಣಪತಿಗೆ ಬದಲಿ ದಾರಿ ಇಲ್ಲ, ಸೊನ್ನೆ. ಈಗ ಗಣಪತಿ–ಮಂಜ ಜೋಡಿಯ 1200ರಲ್ಲಿ ಮಂಜ ಮೊದಲು 600 ಎತ್ತಿಟ್ಟುಕೊಳ್ಳುತ್ತಾನೆ. ಉಳಿದ 600 ಅರ್ಧ ಅರ್ಧ. ಮಂಜನಿಗೆ 900. ಸುಬ್ರಾಯನಿಗೂ ಇದೇ ಲೆಕ್ಕದಲ್ಲಿ 900.

ಎರಡನೇ ಸುತ್ತು. ಸುಬ್ರಾಯನ ಪಾಲು ಈಗ 900. ಹಾಗಾಗಿ ಮಂಜನ ಬದಲಿ ದಾರಿ 300ಕ್ಕೆ ಇಳಿಯಿತು. 300 + 450 = 750. ಮೂರನೇ ಸುತ್ತಿಗೆ 825. ನಾಲ್ಕನೆಯದಕ್ಕೆ 787.50. ಹೀಗೆ ಮೇಲೆ ಕೆಳಗೆ ತೂಗಾಡುತ್ತಾ 800ಕ್ಕೆ ಬಂದು ನಿಲ್ಲುತ್ತದೆ. ನಡುವಿನ ಇಬ್ಬರಿಗೆ 800, ತುದಿಯ ಇಬ್ಬರಿಗೆ 400.

ಇದನ್ನು ಕೂಲಿಗೆ ತಿರುಗಿಸಿ. ಮಂಜನ ಕೂಲಿ 1600, ರಾಮನ ಕೂಲಿ 1200. ಇಬ್ಬರೂ ಅಷ್ಟೇ ಚೆನ್ನಾಗಿ ಮರ ಹತ್ತುತ್ತಾರೆ, ಅಷ್ಟೇ ಕೊನೆ ಇಳಿಸುತ್ತಾರೆ. ನಾನೂರು ರೂಪಾಯಿ ವ್ಯತ್ಯಾಸ ಬಂದದ್ದು ಯಾರಿಗೆ ಯಾರು ಗೊತ್ತು ಎಂಬುದರಿಂದ ಮಾತ್ರ. ಹೀಗೆ ತಿದ್ದಿ ನಿಲ್ಲಿಸಿದ ಹಂಚಿಕೆಯನ್ನು ಸಮತೂಕದ ಹಂಚಿಕೆ ಎನ್ನೋಣ. ಮುರಿಯದ ಹಂಚಿಕೆ ಇರುವ ಜಾಲದಲ್ಲಿ ಸಮತೂಕದ್ದೂ ಇದ್ದೇ ಇರುತ್ತದೆ ಎಂದು ಜಾನ್ ಕ್ಲೈನ್‌ಬರ್ಗ್ ಮತ್ತು ಏವಾ ಟಾರ್ಡೋಸ್ 2008ರಲ್ಲಿ ತೋರಿಸಿದರು.

ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ಸುತ್ತಿಗೂ ಹೊಸ ಕಾಲಂ ಹಾಕಿ. ಒಂದೇ ಕಾಲಂನಲ್ಲಿ ಸೂತ್ರವನ್ನು ತನ್ನ ಮೇಲೇ ತಿರುಗಿಸಿದರೆ ಎಕ್ಸೆಲ್ ಬೈಯುತ್ತದೆ. ಬೈಯದಂತೆ ಸೆಟ್ಟಿಂಗ್ ಬದಲಿಸಿದರೆ ಇನ್ನೂ ಕಷ್ಟ, ತಪ್ಪು ಎಲ್ಲಾಯಿತು ಅಂತಲೇ ಗೊತ್ತಾಗುವುದಿಲ್ಲ. ಒಬ್ಬನಿಗೆ ಹಲವು ಬದಲಿ ದಾರಿ ಇದ್ದರೆ ಅವುಗಳಲ್ಲಿ ದೊಡ್ಡದನ್ನು ಮಾತ್ರ ತೆಗೆದುಕೊಳ್ಳಿ, ಕೂಡಿಸಬೇಡಿ. ಬದಲಿ ದಾರಿ ಸೊನ್ನೆಗಿಂತ ಕೆಳಗೆ ಬಂದರೆ ಸೊನ್ನೆ ಎಂದೇ ಬರೆಯಿರಿ.

ಎಚ್ಚರಿಕೆ ಗಂಟೆಗಳು: ಸಂಖ್ಯೆಗಳು ತೂಗಾಡುತ್ತಲೇ ಇದ್ದು ನಿಲ್ಲದಿದ್ದರೆ, ಪ್ರತಿ ಸುತ್ತಿನಲ್ಲೂ ಹಳೆಯ ಪಾಲು ಮತ್ತು ಹೊಸ ಪಾಲಿನ ಸರಾಸರಿ ಇಟ್ಟು ಮುಂದುವರಿಯಿರಿ. ತೂಗಾಟ ನಿಂತ ಮೇಲೂ ಜೋಡಿಯ ಇಬ್ಬರ ಬದಲಿ ದಾರಿಗಳ ಮೊತ್ತ ಆ ಗೆರೆಯ ಮೊತ್ತವನ್ನು ಮೀರಿದ್ದರೆ, ಆ ಜೋಡಿ ಕೂಡಿಸಿದ್ದೇ ತಪ್ಪು. ಐದನೇ ಹಂತಕ್ಕೆ ವಾಪಸ್.

## ಹಂತ 8: ಈಗ ಎರಡನೇ ನೋಟ್‌ಬುಕ್ ತೆರೆಯಿರಿ

ಒಂದು ಕಾಲಂನಲ್ಲಿ ಲೆಕ್ಕದ ಕೂಲಿ, ಪಕ್ಕದಲ್ಲಿ ನಿಜದ ಕೂಲಿ, ಮೂರನೆಯದರಲ್ಲಿ ಅಂತರ. ಅಂತರ ಕಂಡ ಕೂಡಲೇ ಸಂಸ್ಕೃತಿ ಅನ್ನಬೇಡಿ. ಮೂರು ಜರಡಿ ಹಿಡಿಯಬೇಕು.

ಮೊದಲ ಜರಡಿ: ಮನುಷ್ಯರು ಎಲ್ಲೇ ಆದರೂ ಲೆಕ್ಕದಷ್ಟು ಕಟುಕರಾಗಿರುವುದಿಲ್ಲ. ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ ದುಡ್ಡು ಹಂಚಿಸಿದ ಪ್ರಯೋಗಗಳಲ್ಲಿ, ಮೂವರ ಸಾಲಿನ ನಡುವಿನವನಿಗೆ ಪೂರ್ತಿ ಸಿಗಲಿಲ್ಲ, ಆರರಲ್ಲಿ ಐದು ಪಾಲಿನಷ್ಟು ಸಿಕ್ಕಿತು. ನಾಲ್ವರ ಸಾಲಿನ ನಡುವಿನವರಿಗೆ ಹನ್ನೆರಡರಲ್ಲಿ ಏಳರಿಂದ ಎಂಟು ಪಾಲು. ನಮ್ಮ 1200ರಲ್ಲಿ ಅದು 1000, ಮತ್ತು 700ರಿಂದ 800. ಲೆಕ್ಕ 2000 ಕೂಲಿ ಹೇಳಿ ಊರಲ್ಲಿ 1800 ಇದ್ದರೆ ಅದು ಮಲೆನಾಡಿನ ವಿಶೇಷ ಏನಲ್ಲ. ತೀರಾ ಕಡಿಮೆ ಕೊಟ್ಟರೆ ನಷ್ಟವಾದರೂ ಸರಿ, ಬೇಡ ಎನ್ನುವ ಸ್ವಭಾವವನ್ನು ವರ್ನರ್ ಗೂತ್ ಮತ್ತು ಜೊತೆಗಾರರು 1982ರಲ್ಲೇ ಜರ್ಮನಿಯಲ್ಲಿ ಕಂಡಿದ್ದರು.

ಎರಡನೆಯದು: ಗೆರೆ ಕಡಿದಿದೆಯಾ? ಮಳೆಗಾಲದಲ್ಲಿ ಮುಂಗಡ ತೆಗೆದುಕೊಂಡ ಕೊನೆಗೌಡ ಆ ಸೀಸನ್ ಪೂರ್ತಿ ಆ ಮನೆಗೇ ಹೋಗಬೇಕು. ಇದನ್ನು ‘ಯಜಮಾನನ ಮೇಲಿನ ನಿಷ್ಠೆ’ ಎಂದು ಬರೆದ ಪ್ರಾಜೆಕ್ಟ್ ನೋಡಿದ್ದೇನೆ. ಮುಂಗಡ ಎಂದರೆ ಉಳಿದ ಗೆರೆಗಳನ್ನು ಅಳಿಸುವ ರಬ್ಬರ್. ಮುಂಗಡ ಇರುವವರ ಬೇರೆ ಗೆರೆಗಳನ್ನು ತೆಗೆದು ಐದನೇ ಹಂತದಿಂದ ಮತ್ತೆ ಲೆಕ್ಕ ಮಾಡಿ. ಅಂತರದ ದೊಡ್ಡ ಪಾಲು ಇಲ್ಲೇ ಕರಗಿದರೆ ಆಶ್ಚರ್ಯಪಡಬೇಡಿ.

ಮೂರನೆಯದು: ಕೂಲಿ ಒಂದೇ, ಬಾಕಿಯದು ಬೇರೆ. ಮಂಜನಿಗೂ ರಾಮನಿಗೂ 1400 ರೂಪಾಯಿಯೇ ಇರಬಹುದು. ಆದರೆ ಮಂಜನನ್ನು ಬೈಕಲ್ಲಿ ಕರೆತಂದು ಬಿಡುತ್ತಾರಾ? ಆಸರಿಗೆ (ಚಹಾ, ಪಾನಕ), ಊಟ ಯಾರ ಮನೆಯಲ್ಲಿ? ಹಬ್ಬಕ್ಕೆ ಬಟ್ಟೆ? ಬಡ್ಡಿ ಇಲ್ಲದ ಸಾಲ? ಮಧ್ಯಾಹ್ನ ಮೂರಕ್ಕೇ ಇಳಿದರೂ ಪೂರ್ತಿ ದಿನದ ಕೂಲಿಯಾ? ಇವಕ್ಕೆಲ್ಲ ರೂಪಾಯಿ ಕಟ್ಟಿ ಕೂಡಿಸಿ.

ಮೂರೂ ಜರಡಿಯಲ್ಲಿ ಉಳಿದದ್ದು ಸಂಸ್ಕೃತಿಯ ಪಾಲಿಗೆ.

## ಹಂತ 9: ಉಳಿದ ಅಂತರವನ್ನು ಓದುವುದು

ಜಾಸ್ತಿ ಸಿಗುವುದು ‘ಎಲ್ಲರಿಗೂ ಒಂದೇ ರೇಟು’. ಲೆಕ್ಕ 1600, 1200 ಎನ್ನುತ್ತದೆ. ಊರು 1400 ಎನ್ನುತ್ತದೆ. ಆ 1400 ನಾಲ್ಕನೇ ಹಂತದಲ್ಲಿ ಮೂಲೆಯಲ್ಲಿ ಬರೆದಿಟ್ಟ ಒಂಟಿ ಜೋಡಿಯ ಕೂಲಿಯೇ ಎಂಬುದನ್ನು ಗಮನಿಸಿ. ಊರು ಜಾಲದ ಒತ್ತಡವನ್ನು ಒರೆಸಿಹಾಕಿದೆ. ಯಜಮಾನರು ಯಾಕೆ ಇದಕ್ಕೆ ಒಪ್ಪುತ್ತಾರೆ? ಒಡಿಶಾದಲ್ಲಿ ಎಮಿಲಿ ಬ್ರೆಝಾ, ಸುಪ್ರೀತ್ ಕೌರ್, ಯೋಗಿತಾ ಶಾಮದಾಸಾನಿ ನಡೆಸಿದ ಪ್ರಯೋಗ (ಪ್ರಕಟಣೆ 2018) ನೋಡಿ. ಜೊತೆಗಾರರಲ್ಲಿ ಯಾರು ಎಷ್ಟು ಮಾಡಿದರು ಅಂತ ಕಾಣದ ಕೆಲಸದಲ್ಲಿ ಹೆಚ್ಚುಕಡಿಮೆ ಕೂಲಿ ಕೊಟ್ಟಾಗ ಕೆಲಸವೂ ಇಳಿಯಿತು, ಜನ ಬರುವುದೂ ಕಡಿಮೆಯಾಯಿತು. ಯಾರು ಜಾಸ್ತಿ ಮಾಡಿದರು ಅಂತ ಕಣ್ಣಿಗೆ ಕಾಣುವ ಕೆಲಸದಲ್ಲಿ ಈ ತೊಂದರೆ ಇರಲಿಲ್ಲ. ಹಾಗಾಗಿ ನಿಮ್ಮೂರಲ್ಲಿ ದಿನಗೂಲಿಯೋ, ಒಂದು ಕೊನೆಗೆ ಇಷ್ಟು ಅಂತ ಲೆಕ್ಕವೋ ಎಂದು ಕೇಳಿ. ಕೊನೆ ಎಣಿಸಿ ಕೊಡುವ ಕಡೆ ಗಳಿಕೆ ಹೆಚ್ಚುಕಡಿಮೆಯಾದರೂ ಯಾರೂ ಮುನಿಸಿಕೊಳ್ಳುವುದಿಲ್ಲ, ನೋಡಿ ಬೇಕಾದರೆ.

ಇನ್ನೊಂದು ‘ಏರಿದ ರೇಟು ಇಳಿಯುವುದಿಲ್ಲ’. ಬೆಳೆ ಕೈಕೊಟ್ಟ ವರ್ಷ ಗೆರೆಯ ಮೇಲಿನ 1200 ಅರ್ಧವಾದರೂ ಕೂಲಿ ಹಾಗೇ ನಿಲ್ಲುತ್ತದೆ, ಕೆಲಸದ ದಿನಗಳು ಕಡಿಮೆಯಾಗುತ್ತವೆ. ಸುಪ್ರೀತ್ ಕೌರ್ ಭಾರತದ ಜಿಲ್ಲೆಗಳ 1956ರಿಂದ 2009ರವರೆಗಿನ ಮಳೆ ಮತ್ತು ಕೂಲಿಯ ಲೆಕ್ಕ ಇಟ್ಟು ಇದನ್ನು ತೋರಿಸಿದ್ದಾರೆ. ಒಳ್ಳೆ ಮಳೆಗೆ ಕೂಲಿ ಏರುತ್ತದೆ, ಬರಕ್ಕೆ ಇಳಿಯುವುದಿಲ್ಲ. ಒಂದೇ ವರ್ಷದ ಮಾಹಿತಿ ಇದ್ದರೆ ನಿಮಗೆ ಇದು ಕಾಣುವುದೇ ಇಲ್ಲ. ಹಿಂದಿನ ನಾಲ್ಕೈದು ವರ್ಷದ ದರವನ್ನು ಯಜಮಾನರ ಲೆಕ್ಕದ ಪುಸ್ತಕದಲ್ಲಿ ಕೇಳಿ. ನೆನಪಿನ ಮೇಲೆ ನಂಬಿಕೆ ಇಡಬೇಡಿ.

ಈ ಕಟ್ಟಳೆಯನ್ನು ಹಿಡಿದು ನಿಲ್ಲಿಸಿರುವವರು ಯಾರು ಅಂತ ತಿಳಿಯಲು ಚಹಾದಂಗಡಿಯಲ್ಲಿ ಪ್ರಶ್ನೆ ಕೇಳಬೇಡಿ. ಒಡಿಶಾದಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ 183 ಯಜಮಾನರು 502 ಕೂಲಿಯವರಿಗೆ ನಿಜವಾದ ಕೆಲಸ ಕೊಡಲು ಮುಂದಾದರು. ಊರಿನ ದರಕ್ಕಿಂತ ಕಡಿಮೆ ಕೂಲಿಗೆ ಗುಟ್ಟಾಗಿ ಕರೆದಾಗ ಒಪ್ಪುವವರಿದ್ದರು. ಅದೇ ಮಾತು ಉಳಿದವರ ಕಿವಿಗೆ ಬೀಳುವಂತೆ ಆಡಿದಾಗ ಒಪ್ಪುವವರು ಬಹುತೇಕ ಇಲ್ಲವೇ ಆದರು. ಹಾಗಾಗಿ ಒಬ್ಬೊಬ್ಬರನ್ನೇ, ಅವರ ಮನೆಯಲ್ಲಿ ಕೇಳಿ: ‘ನೂರು ರೂಪಾಯಿ ಕಡಿಮೆ ಅಂದರೆ ಹೋಗ್ತೀರಾ?’ ಆಮೇಲೆ ‘ಬೇರೆ ಯಾರಾದರೂ ಹಾಗೆ ಹೋದರೆ ಊರವರು ಏನಂತಾರೆ?’ ಮೊದಲನೆಯದಕ್ಕೆ ‘ಹೂಂ’, ಎರಡನೆಯದಕ್ಕೆ ಸಿಟ್ಟು ಬಂದರೆ ನೀವು ಹುಡುಕುತ್ತಿದ್ದದ್ದು ಸಿಕ್ಕಿತು.

## ಹಂತ 10: ಇಲ್ಲದ ಗೆರೆಗಳು

ಸಂಸ್ಕೃತಿ ಅಂತರದಲ್ಲಿ ಮಾತ್ರ ಇರುವುದಿಲ್ಲ. ಯಾವ ಗೆರೆ ಹುಟ್ಟುವುದೇ ಇಲ್ಲ ಎಂಬುದರಲ್ಲೂ ಇರುತ್ತದೆ. ಎರಡು ಫರ್ಲಾಂಗಿನಲ್ಲಿರುವ ಮನೆಯವರು ಒಂದು ಕೇರಿಯವರನ್ನು ಕೊಯ್ಲಿಗೆ ಕರೆಯುವುದೇ ಇಲ್ಲ ಅನ್ನಿ. ಏಳನೇ ಹಂತದ ಲೆಕ್ಕ ಅದನ್ನು ಸುಮ್ನೆ ಒಪ್ಪಿಕೊಂಡುಬಿಡುತ್ತದೆ. ಅಂತರ ಸೊನ್ನೆ ಬರುತ್ತದೆ. ನೀವು ‘ಇಲ್ಲಿ ಜಾತಿಯ ಪ್ರಭಾವ ಇಲ್ಲ’ ಎಂದು ಬರೆದುಬಿಡುತ್ತೀರಿ!

ಆದ್ದರಿಂದ ಎರಡು ಚಿತ್ರ ಮಾಡಿ. ಒಂದರಲ್ಲಿ ಈಗಿರುವ ಗೆರೆಗಳು. ಇನ್ನೊಂದರಲ್ಲಿ ದೂರ ಮತ್ತು ಕಸುಬು ನೋಡಿದರೆ ಇರಬಹುದಾಗಿದ್ದ ಎಲ್ಲ ಗೆರೆಗಳು. ಎರಡರಲ್ಲೂ ಲೆಕ್ಕ ಮಾಡಿ, ಪ್ರತಿ ವ್ಯಕ್ತಿಯ ಕೂಲಿ ಎಷ್ಟು ಬದಲಾಯಿತು ನೋಡಿ. ಇಲ್ಲದ ಗೆರೆಯ ಬೆಲೆ ಅದೇ.

ಗೆರೆಗಳು ಒಳ್ಳೆಯದನ್ನೂ ಮಾಡುತ್ತವೆ, ಕಟ್ಟಿಯೂ ಹಾಕುತ್ತವೆ. ಮುಂಬೈನ ದಾದರ್‌ನಲ್ಲಿ ಕೈವನ್ ಮುನ್ಶಿ ಮತ್ತು ಮಾರ್ಕ್ ರೊಸೆನ್‌ಝ್ವೈಗ್ ಮಾಡಿದ ಅಧ್ಯಯನ 2006ರಲ್ಲಿ ಬಂತು. ಗಿರಣಿ, ಕಾರ್ಖಾನೆ ಕೆಲಸಕ್ಕೆ ಜಾತಿಯ ಗುರುತು ಇದ್ದ ಮನೆಗಳಲ್ಲಿ ಹುಡುಗರು ಮರಾಠಿ ಶಾಲೆಯಲ್ಲೇ ಉಳಿದರು. ಅಂಥ ಗುರುತು ಇಲ್ಲದ ಹುಡುಗಿಯರು ಇಂಗ್ಲಿಷ್ ಶಾಲೆಗೆ ಹೊರಳಿದರು. ಒಂದು ಸೀಸನ್ನಿನ ಲೆಕ್ಕದಲ್ಲಿ ಇಂಥದ್ದು ಸಿಗುವುದಿಲ್ಲ. ಕೊನೆಗೌಡರ ಮಕ್ಕಳು ಈಗ ಏನು ಮಾಡುತ್ತಿದ್ದಾರೆ ಎಂದು ಒಂದು ಪ್ರಶ್ನೆ ಸೇರಿಸಿಕೊಳ್ಳಿ. ಹೊಸ ಕೊನೆಗೌಡರು ಬರದಿದ್ದರೆ ಐದು ವರ್ಷದಲ್ಲಿ ನಿಮ್ಮ ಚಿತ್ರದ ಬಲಗಡೆ ಅರ್ಧ ಖಾಲಿಯಾಗಿರುತ್ತದೆ.

## ಹಂತ 11: ಹಾಳೆಯನ್ನು ಬಚ್ಚಿಡುವುದು

ಚಿತ್ರ ಬಿಡಿಸುವ ಮೊದಲ ದಿನದಿಂದಲೇ ಹೆಸರಿನ ಬದಲು ಅಂಕಿ ಬಳಸಿ. ಹೆಸರು–ಅಂಕಿಯ ಪಟ್ಟಿ ಬೇರೆ ಕಡೆ ಇರಲಿ, ಊರಿಗೆ ಹೋಗುವಾಗ ಚೀಲದಲ್ಲಿ ಬೇಡ. ಯಾರಿಗೆ ಬದಲಿ ದಾರಿ ಇಲ್ಲ ಎಂಬುದನ್ನು ಒಂದೇ ನೋಟಕ್ಕೆ ತೋರಿಸುವ ಹಾಳೆ ಇದು. ಒಬ್ಬ ಹುಡುಗ ಇದನ್ನು ಹೋಟೆಲ್ ಟೇಬಲ್ ಮೇಲೆ ಬಿಡಿಸಿಟ್ಟು ಕೈ ತೊಳೆಯಲು ಹೋಗಿದ್ದ. ವಾಪಸ್ ಬರುವಷ್ಟರಲ್ಲಿ ಇಬ್ಬರು ಯಜಮಾನರು ಬಗ್ಗಿ ನೋಡುತ್ತಿದ್ದರು. ‘ಓಹೋ, ಇವನಿಗೆ ನಾವೊಬ್ಬರೇಯಾ?’ ಎಂದು ಒಬ್ಬರು ನಕ್ಕರು. ಅವರ ಬೆರಳು ಇದ್ದದ್ದು ಒಂದೇ ಗೆರೆಯ ಚುಕ್ಕೆಯ ಮೇಲೆ.